ಅಪ್ಪನ ಕಟ್ಟುಹಲ್ಲು

ಅಪ್ಪನ ಬಾಯಿ ಅವಳ ಮೇಜಿನ ಮೇಲೆ ಬಂದು ಕೂತದ್ದು ಒಂದು ಬುಧವಾರ. ಗಾಬರಿಯಾಗಬೇಡಿ, ಅಪ್ಪ ಗಟ್ಟಿಮುಟ್ಟಾಗಿಯೇ ಇದ್ದ. ಬಂದದ್ದು ಅವನ ಒಸಡಿನ ಅಚ್ಚು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಸಣ್ಣ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವುದು ಅವಳ ಕೆಲಸ. ಗೋಡೆಯ ಹಲಗೆಗಳ ಮೇಲೆ ಊರವರ ದವಡೆಗಳೆಲ್ಲ ಪ್ಲಾಸ್ಟರಿನಲ್ಲಿ ಸಾಲಾಗಿ ಕೂತಿದ್ದವು. ಹೊರಗೆ ಎಷ್ಟೇ ಬಾಯಿಬಡುಕರಾದರೂ ಅಲ್ಲಿ ಎಲ್ಲರೂ ತೆಪ್ಪಗಿರುತ್ತಿದ್ದರು.

ಅಣ್ಣ ಫೋನು ಮಾಡಿದ. "ಅಪ್ಪನ ಅಳತೆ ನಿಮ್ಮ ಡಾಕ್ಟರ ಹತ್ರಾನೇ ಕೊಡಿಸಿದ್ದೀನಿ. ಹಲ್ಲು ನೀನೇ ಮಾಡು. ಶನಿವಾರ ಹಾಕಿಸ್ಕೊಂಡು, ಅದು ಒಗ್ಗೋವರೆಗೂ ನಿನ್ನ ಮನೇಲೇ ಇರ್ತಾರೆ."

"ನನ್ನ ಮನೇಲಾ?"

"ಮತ್ತೆ? ನೀನೂ ಮಗಳೇ ತಾನೆ?"

ಪುಣ್ಯಾತ್ಮ, ಆಗುತ್ತದೋ ಇಲ್ಲವೋ ಎಂದು ಒಂದು ಮಾತು ಕೇಳಲಿಲ್ಲ. ಫೋನಿಟ್ಟುಬಿಟ್ಟ.

ಅಪ್ಪ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವನು. ಅಲ್ಲಿ ಸೈರನ್ ಕೂಗಿತೆಂದರೆ ತಟ್ಟೆಯಲ್ಲಿ ಏನೇ ಉಳಿದಿರಲಿ, ಎದ್ದು ಕೈ ತೊಳೆಯಬೇಕು. ಆ ಕಾನೂನನ್ನು ಮನೆಗೂ ಹೊತ್ತು ತಂದಿದ್ದ. ಅವನ ಊಟ ಮುಗಿದರೆ ಎಲ್ಲರ ಊಟವೂ ಮುಗಿದಂತೆ. ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದಾಯಿತೋ, ಮಕ್ಕಳ ಮುಂದಿದ್ದ ತಟ್ಟೆ ಎತ್ತಿ ತಾನೇ ಕಸದ ಬುಟ್ಟಿಗೆ ಸುರಿಯುತ್ತಿದ್ದ. "ಹೊತ್ತು ಹಾಳು ಮಾಡೋರು ಉದ್ಧಾರ ಆಗಲ್ಲ" ಎನ್ನುತ್ತಿದ್ದ. ಹಾಗೆ ಉಳಿಸಿದ ಹೊತ್ತಿನಲ್ಲಿ ಅವನೇನು ಕಡಿದು ಕಟ್ಟೆ ಹಾಕಿದನೆಂದರೆ, ಮುಂದಿನ ಕೋಣೆಯಲ್ಲಿ ಕೂತು ಗೋಡೆ ನೋಡುತ್ತಿದ್ದ, ಅಷ್ಟೆ. ಅಮ್ಮ ತುಟಿ ಪಿಟಕ್ಕೆನ್ನದೆ ಬಾಗಿಲ ಬಳಿ ನಿಂತಿರುತ್ತಿದ್ದಳು. ಮಕ್ಕಳು ಅಗಿಯುವುದನ್ನು ಬಿಟ್ಟು ನುಂಗುವುದನ್ನು ಕಲಿತರು.

ಕಲಿತದ್ದು ಬೆನ್ನು ಬಿಡಲಿಲ್ಲ. ಮದುವೆಯಾಗಿ ಬೇರೆ ಮನೆ ಹೂಡಿದ ಮೇಲೂ ಅವಳು ಒಲೆಯ ಪಕ್ಕ ನಿಂತೇ ಗಬಗಬ ನುಂಗುತ್ತಿದ್ದಳು. ಊರಿಗೆಲ್ಲ ಅಗಿಯಲು ಹಲ್ಲು ಮಾಡಿಕೊಡುವವಳ ಬಾಯಲ್ಲಿ ಹಲ್ಲು ಬರೀ ಶೋಕಿಗೆ! ಕೊನೆಗೆ ಹೊಟ್ಟೆಯಲ್ಲಿ ಹುಣ್ಣಾಗಿ, ವಾಂತಿಯಲ್ಲಿ ರಕ್ತ ಕಂಡು ಆಸ್ಪತ್ರೆ ಸೇರಿದಳು. ಅಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದರು. "ನಿಮ್ಮ ತಟ್ಟೆ ಕಿತ್ಕೊಳ್ಳೋರು ಯಾರಮ್ಮಾ?" ಅವಳು ಗಳಗಳನೆ ಅತ್ತುಬಿಟ್ಟಳು.

ಅಲ್ಲಿಂದಾಚೆಗೆ ಉಣ್ಣುವುದನ್ನು ಹೊಸದಾಗಿ ಕಲಿತಳು. ಕೂತು ಉಣ್ಣಬೇಕು. ತುತ್ತು ನೀರಾಗುವವರೆಗೆ ಅಗಿಯಬೇಕು. ಊಟಕ್ಕೆ ಹಿಡಿಯುವ ಹೊತ್ತು ದಂಡವಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬೇಕು. ಡಾಕ್ಟರಮ್ಮ ಒಂದು ಮಾತನ್ನೂ ಬಾಯಿಪಾಠ ಮಾಡಿಸಿದ್ದರು: "ಊಟ ಇನ್ನೂ ಮುಗಿದಿಲ್ಲ." ಕೆಲಸದ ನಡುವೆ ಯಾರೂ ಇಲ್ಲದಾಗ ಅವಳು ಅದನ್ನು ಪ್ಲಾಸ್ಟರಿನ ದವಡೆಗಳಿಗೆ ಹೇಳುತ್ತಿದ್ದಳು. ಬ್ಯಾಂಕಿನ ಮ್ಯಾನೇಜರಿಗೆ ಹೇಳಿದಳು, ಪೊಲೀಸಿನವನಿಗೆ ಹೇಳಿದಳು, ಒಬ್ಬರೂ ಎದುರಾಡಲಿಲ್ಲ. ಆ ಬುಧವಾರ ಅಪ್ಪನ ಅಚ್ಚಿನ ಮುಂದೆಯೂ ಹೇಳಹೊರಟಳು. ನಾಲಿಗೆ ಏಳಲೇ ಇಲ್ಲ.

ಅವಳ ಹೆದರಿಕೆ ತನಗಾಗಿ ಇರಲಿಲ್ಲ. ಎರಡನೇ ಕ್ಲಾಸಿನ ಮಗಳೊಬ್ಬಳಿದ್ದಳು. ಎಲ್ಲರೂ ಚಿನಕುರಳಿ ಎನ್ನುತ್ತಿದ್ದರು. ತಟ್ಟೆ ಮುಂದೆ ಬಂತೆಂದರೆ ಅವಳ ಪುರಾಣ ಶುರು. ಒಂದು ತುತ್ತು, ಒಂದು ಕಥೆ. ಅನ್ನ ಆರಿ ತಣ್ಣಗಾದರೂ ಕಥೆ ಮುಗಿಯದು. ತಾಯಿ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದಿದ್ದಳು. ಅಪ್ಪ ಆ ತಟ್ಟೆಗೆ ಕೈ ಹಾಕಿದರೆ? ಆಗ ತನ್ನ ಬಾಯಿಗೆ ಬೀಗ ಬಿದ್ದು, ಅಮ್ಮನ ಹಾಗೆ ಬಾಗಿಲ ಬಳಿ ನಿಂತುಬಿಟ್ಟರೆ?

ಮೇಣದಲ್ಲಿ ಹಲ್ಲು ಕೂರಿಸುವಾಗ ಅವಳಿಗೊಂದು ಕೆಟ್ಟ ಯೋಚನೆಯೂ ಬಂತು, ಸುಳ್ಳೇಕೆ? ದವಡೆಯ ಒಂದು ಹಲ್ಲನ್ನು ಕೂದಲೆಳೆಯಷ್ಟು ಎತ್ತರ ಬಿಟ್ಟರೆ ಸಾಕು, ಅಪ್ಪ ತುತ್ತುತುತ್ತಿಗೂ ನರಳುತ್ತಾನೆ. ಬೇಗ ಊಟ ಮುಗಿಸುವ ಮಾತೇ ಇಲ್ಲ. ಬಹಳ ಹೊತ್ತು ಆ ಹಲ್ಲನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಬಿಸಿ ಚಾಕು ತೆಗೆದುಕೊಂಡು ಸರಿಯಾಗಿಯೇ ಕೂರಿಸಿದಳು. ಕೆಲಸದಲ್ಲಿ ಮೋಸ ಅವಳ ಜಾಯಮಾನವಲ್ಲ.

ಭಾನುವಾರ ಮಧ್ಯಾಹ್ನ. ಲಾರಿ ಓಡಿಸುವ ಗಂಡ ಎಂದಿನಂತೆ ದಾರಿಯಲ್ಲೆಲ್ಲೋ ಇದ್ದ. ಮೇಜಿನ ಒಂದು ತುದಿಗೆ ಅಪ್ಪ, ಇನ್ನೊಂದು ತುದಿಗೆ ಚಿನಕುರಳಿ, ನಡುವೆ ಬೇಲಿಯ ಹಾಗೆ ಅವಳು. ಅನ್ನ, ಬೇಯಿಸಿದ ಕಾಳು, ಸೊಪ್ಪು, ಮೊಸರು. ಅಪ್ಪ ತಲೆ ಎತ್ತದೆ ಉಣ್ಣುತ್ತಿದ್ದ. ಹೊಸ ಹಲ್ಲು ಟಕ್ ಟಕ್ ಎನ್ನುತ್ತಿತ್ತು. ಒಂದೊಂದು ಟಕ್ಕನ್ನೂ ಅವಳು ಎಣಿಸುತ್ತಿದ್ದಳು.

"ತಾತಾ, ನಮ್ಮ ಸ್ಕೂಲಲ್ಲಿ ಒಂದು ಬೆಕ್ಕಿದೆ ಗೊತ್ತಾ? ಅದು ಸೀದಾ ಹೆಡ್‌ಮಾಸ್ಟರ್ ಕುರ್ಚಿ ಮೇಲೆ ಹತ್ತಿ..."

ತಾತನ ತಟ್ಟೆ ಖಾಲಿಯಾಗುತ್ತ ಬಂದಿತ್ತು. ಮಗಳದು ಇನ್ನೂ ಕಾಲು ಭಾಗವೂ ಮುಗಿದಿರಲಿಲ್ಲ. ತಾಯಿ ತನ್ನ ತಟ್ಟೆ ನೋಡಿಕೊಂಡರೆ ಒಂದಗುಳೂ ಇರಲಿಲ್ಲ. ಯಾವಾಗ ನುಂಗಿದಳೋ ಅವಳಿಗೇ ಗೊತ್ತಾಗಿರಲಿಲ್ಲ. ಹೇಳು, ಈಗಲೇ ಹೇಳಿಬಿಡು, ಎಂದು ಒಳಗೇ ಬಡಬಡಿಸಿದಳು.

ಕುರ್ಚಿ ಕಿರ್ರೆಂದಿತು.

ಅವಳು ಎದ್ದದ್ದೂ, ಕೈ ಚಾಚಿದ್ದೂ ಅವಳಿಗೆ ನೆನಪಿಲ್ಲ. ನೋಡಿದರೆ ಮಗಳ ತಟ್ಟೆ ಅವಳ ಕೈಯಲ್ಲಿತ್ತು.

ಅಪ್ಪ ಎದ್ದಿರಲೇ ಇಲ್ಲ. ನೀರಿನ ಜಗ್ಗು ಎಟುಕಲೆಂದು ಕುರ್ಚಿ ಸರಿಸಿದ್ದ, ಅಷ್ಟೆ. ಅವನು ಅವಳ ಕೈಯಲ್ಲಿದ್ದ ತಟ್ಟೆ ನೋಡಿದ, ಮೊಮ್ಮಗಳನ್ನು ನೋಡಿದ, ಅವಳೇ ಮಾಡಿದ ಹಲ್ಲೆಲ್ಲ ಕಾಣುವ ಹಾಗೆ ನಕ್ಕ.

"ಭೇಷ್. ಈಗ ನನ್ನ ಮಗಳು ಅನ್ನಿಸ್ಕೊಂಡೆ ನೋಡು."

ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಕೇಳಿದ ಮೊದಲ ಹೊಗಳಿಕೆ ಅದು. ಈ ಒಂದು ಮಾತಿಗೆ ಅವಳು ಎಷ್ಟು ವರ್ಷ ಹಾತೊರೆದಿದ್ದಳು! ಈಗ ಕೇಳಿದರೆ ಮೈಯೆಲ್ಲ ಬೆವರಿತು.

ಚಿನಕುರಳಿ ಅಳಲಿಲ್ಲ. ಕೈಯಲ್ಲಿದ್ದ ತುತ್ತನ್ನು ಗಬಕ್ಕನೆ ಬಾಯಿಗೆ ತುರುಕಿಕೊಂಡು, ಅಗಿಯದೆ, ಕತ್ತು ಚಾಚಿ ನುಂಗಿತು. ಕಣ್ಣು ಮಾತ್ರ ಅಮ್ಮನ ಕೈಯ ಮೇಲೇ ಇತ್ತು. ಇಷ್ಟು ಸಾಕಾಯಿತು, ಮಗು ಕಲಿತುಬಿಟ್ಟಿತ್ತು.

ಅವಳು ತಟ್ಟೆಯನ್ನು ಮಗಳ ಮುಂದೆ ಮತ್ತೆ ಇಟ್ಟಳು. ಅಪ್ಪ ಕೊನೆಯ ತುತ್ತು ಮುಗಿಸಿ ನಿಜವಾಗಿಯೂ ಎದ್ದ.

"ಯಾಕೆ ಮತ್ತೆ ಇಟ್ಟೆ? ಎತ್ತು, ಎತ್ತು. ಸದರ ಕೊಡಬೇಡ." ಅವನ ಕೈ ತಟ್ಟೆಯತ್ತ ಬಂತು.

"ಊಟ ಇನ್ನೂ ಮುಗಿದಿಲ್ಲ."

ದನಿ ಒಡೆದಿತ್ತು, ತನ್ನದೆಂದು ಅವಳಿಗೇ ಗುರುತು ಸಿಗಲಿಲ್ಲ.

"ಏನಂದೆ?"

"ನಿಮ್ಮದಾಯ್ತಲ್ಲ, ಕೈ ತೊಳ್ಕೊಳ್ಳಿ ಅಪ್ಪಾ. ನಮ್ಮದಾಗಿಲ್ಲ."

ಹೇಳಿದವಳು ಖಾಲಿ ತಟ್ಟೆಗೆ ಅನ್ನ ಬಡಿಸಿಕೊಂಡಳು. ಕೂತಳು. ಒಂದು ತುತ್ತು ಬಾಯಿಗಿಟ್ಟು ಅಗಿಯತೊಡಗಿದಳು. ಅಪ್ಪ ಅವಳ ಬೆನ್ನ ಹಿಂದೆಯೇ ನಿಂತಿದ್ದ. ಹೋದ ಸದ್ದಿಲ್ಲ. ಈಗ ಹೆಗಲ ಮೇಲಿಂದ ಕೈ ಬರುತ್ತದೆ, ಈಗ ಬರುತ್ತದೆ ಎಂದು ಕತ್ತಿನ ಕೂದಲು ನಿಮಿರಿತ್ತು. ಆದರೂ ಅಗಿಯುತ್ತಲೇ ಮಗಳನ್ನು ಕೇಳಿದಳು.

"ಆಮೇಲೆ ಬೆಕ್ಕು ಏನು ಮಾಡ್ತು ಪುಟ್ಟಿ?"

ಚಿನಕುರಳಿ ತಾತನನ್ನು ನೋಡಲೇ ಇಲ್ಲ. ಎರಡೂ ಕೈಯಲ್ಲಿ ತಟ್ಟೆಯ ಅಂಚು ಬಿಗಿಯಾಗಿ ಹಿಡಿದು ಅಮ್ಮನನ್ನೇ ನೋಡಿತು.

"ಮೊದಲು ನೀನು ಎತ್ತಲ್ಲ ಅಂತ ಹೇಳು."

ಅಪ್ಪ ಹಿಂದೆ ನಿಂತೇ ಇದ್ದ. ಅವಳು ಬಾಯಲ್ಲಿದ್ದುದನ್ನು ಪೂರ್ತಿ ಅಗಿದು, ನಿಧಾನವಾಗಿ ನುಂಗಿದಳು.

"ಎತ್ತಲ್ಲ ಕಣೇ," ಎಂದಳು.

ಮಗು ಒಂದು ಕೈ ಮಾತ್ರ ಬಿಟ್ಟಿತು. ಆ ಕೈಯಿಂದ ಸಣ್ಣದೊಂದು ತುತ್ತು ತೆಗೆದುಕೊಂಡಿತು. ಇನ್ನೊಂದು ಕೈ ತಟ್ಟೆಯ ಅಂಚನ್ನು ಊಟ ಮುಗಿಯುವವರೆಗೂ ಬಿಡಲಿಲ್ಲ.