ಆವಲಮ್ಮನ ಹಾಲು

ಕ್ಯಾಲನೂರಿನಾಚೆಯ ಒಂದು ಹಳ್ಳಿಯಲ್ಲಿ ಬೆಳಿಗ್ಗೆ ಆರಕ್ಕೇ ಹಾಲಿನ ಡೇರಿ ಮುಂದೆ ಸಾಲು ನಿಂತಿತ್ತು.

“ಹಾಲಿಗೆ ನೀರು ಬೆರೆತದೆ ಆವಲಮ್ಮ, ತಗೊಳಕ್ಕಾಗಲ್ಲ,” ಎಂದ ಹಾಲು ಪರೀಕ್ಷಿಸುವ ಮುನಿರಾಮಪ್ಪ. ಪರೀಕ್ಷೆಯನ್ನೇ ಮಾಡಿರಲಿಲ್ಲ. ಒಂಬತ್ತು ದಿನದಿಂದ ಇದೇ ಸುಳ್ಳು.

ಗಂಡ ಸತ್ತ ಮೇಲೆ ಆವಲಮ್ಮ ಭಾನುವಾರ ನಾಲ್ಕು ಹೆಂಗಸರ ಜೊತೆ ಯೇಸುವಿನ ಪ್ರಾರ್ಥನೆಗೆ ಕೂರುತ್ತಿದ್ದಳು. ಅವಳ ತಪ್ಪು ಅಷ್ಟೇ. ಡೇರಿ ಅಧ್ಯಕ್ಷ ಅಪ್ಪಾಜಪ್ಪ ಮುನಿರಾಮಪ್ಪನಿಗೆ ಆಗಲೇ ಹೇಳಿದ್ದ: “ಅವಳ ಹಾಲು ಬೇಡ ಕಣೋ. ಇವತ್ತು ಅವಳು, ನಾಳೆ ಇಡೀ ಬೀದಿ. ಆಮೇಲೆ ಊರ ದೇವತೆಗೆ ದೀಪ ಹಚ್ಚೋರು ಯಾರು?” ಅವನ ದನಿಯಲ್ಲಿ ನಿಜವಾದ ಭಯವಿತ್ತು. ಕೆಲಸ ಹೋದೀತೆಂದು ಮುನಿರಾಮಪ್ಪ ತಲೆಯಾಡಿಸಿದ್ದ. ಹೇಡಿತನಕ್ಕೆ ಸಂಸಾರದ ನೆಪ ಸಲೀಸಾಗಿ ಸಿಗುತ್ತದೆ.

ನಿಜವಾದ ಕಾರಣ ಆವಲಮ್ಮನಿಗೂ ಗೊತ್ತಿತ್ತು. “ನಾನು ಯಾರನ್ನೂ ಪ್ರಾರ್ಥನೆಗೆ ಕರೆದಿಲ್ಲಣ್ಣ. ಅಲ್ಲಿ ಕೂತು ಬಂದ್ರೆ ನಂಗೆ ರಾತ್ರಿ ನಿದ್ದೆ ಬರ್ತದೆ, ಅಷ್ಟೇ,” ಎಂದು ಅವಳು ಹಾಲನ್ನು ಚರಂಡಿಗೆ ಸುರಿದು ಹೋದಳು. ಸಾಲಿನಲ್ಲಿದ್ದವರು ಬೇರೆಡೆ ನೋಡಿದರು.

ಮಧ್ಯಾಹ್ನ ಅಪ್ಪಾಜಪ್ಪ ಮುನಿರಾಮಪ್ಪನನ್ನು ಪೊಲೀಸ್ ಠಾಣೆಗೆ ಕರೆದೊಯ್ದ. ಆವಲಮ್ಮ ಆಸೆ ತೋರಿಸಿ ಮತಾಂತರ ಮಾಡಿಸುತ್ತಾಳೆಂಬ ದೂರಿಗೆ ಅವನೇ ಮೊದಲ ಸಾಕ್ಷಿ.

ಸಬ್‌ಇನ್‌ಸ್ಪೆಕ್ಟರ್ ಶಾಮಲಮ್ಮ ದೂರು ಓದಿದರು. “ಯಾವ ದೇವರಿಗೆ ಕೈ ಮುಗಿಯೋದು ಅನ್ನೋದು ಅವರವರ ಇಷ್ಟ, ಸಂವಿಧಾನದಲ್ಲೇ ಇದೆ. ಬಲವಂತ, ಆಮಿಷ ಇದ್ರೆ ಹೇಳಿ. ನೀವು ಕಣ್ಣಾರೆ ಕಂಡಿದ್ದೇನು?”

ಅಪ್ಪಾಜಪ್ಪ ಮೊಣಕೈಯಿಂದ ತಿವಿದ. ಮುನಿರಾಮಪ್ಪ ತನ್ನ ಕುರ್ಚಿಯನ್ನು ಅತ್ತ ಸರಿಸಿಕೊಂಡ.

“ಆಮಿಷ ಕಂಡಿಲ್ಲ ಮೇಡಂ. ಒಂಬತ್ತು ದಿನ ಆವಲಮ್ಮನ ಒಳ್ಳೇ ಹಾಲನ್ನ ನೀರು ಬೆರೆತದೆ ಅಂತ ಹೇಳಿ ಚೆಲ್ಲಿಸಿದ್ದೀನಿ. ಅದನ್ನ ಬರ್ಕೊಳಿ.”

“ನಾಳೆಯಿಂದ ಡೇರಿ ಹೊಸ್ತಿಲು ತುಳೀಬೇಡ ಕಣ್ಲಾ,” ಎಂದು ಅಪ್ಪಾಜಪ್ಪ ಎದ್ದುಹೋದ.

ಸಂಜೆ ಮುನಿರಾಮಪ್ಪ ಆವಲಮ್ಮನ ಮನೆಗೆ ಹೋದಾಗ ಕೊಟ್ಟಿಗೆ ಬರಿದಾಗಿತ್ತು. ಮೇವಿಗೆ ಗತಿಯಿಲ್ಲದೆ ಅವಳು ಹಸುವನ್ನು ಮಧ್ಯಾಹ್ನವೇ ಮಾರಿದ್ದಳು. ಅವನು ಠಾಣೆಯಲ್ಲಿ ಹೇಳಿದ್ದನ್ನೆಲ್ಲ ಒಪ್ಪಿಸಿ ಅತ್ತುಬಿಟ್ಟ.

“ಠಾಣೇಲಿ ಹೇಳಿದ್ದು ಸರಿಯಣ್ಣ,” ಎಂದಳು ಆವಲಮ್ಮ. “ಆದ್ರೆ ನೀನು ನನ್ನ ಕಳ್ಳಿ ಮಾಡಿದ್ದು ಠಾಣೇಲಲ್ಲ, ಊರಿನ ಮುಂದೆ.”

ಮರುದಿನ ಬೆಳಿಗ್ಗೆ ಮುನಿರಾಮಪ್ಪ ಡೇರಿಯ ಹೊರಗೆ, ಸಾಲಿನ ಎದುರು ನಿಂತ. “ಆವಲಮ್ಮನ ಹಾಲಲ್ಲಿ ನೀರಿರಲಿಲ್ಲ. ನಾನೇ ಸುಳ್ಳು ಹೇಳಿದ್ದು,” ಎಂದ. ಯಾರೂ ತಲೆಯೆತ್ತಲಿಲ್ಲ. ಸಾಲು ಮುಂದೆ ಸರಿಯಿತು. ಹಿಂದೆ ನಿಂತವರಿಗೂ ಕೇಳಲೆಂದು ಅವನು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ.