ದೀಪ ದೊಡ್ಡದು ಮಾಡು

ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಿದ ಕೈ ಎಷ್ಟು ತೊಳೆದರೂ ಉರಿಯುತ್ತದೆ. ಆ ಕೈಯಿಂದ ಮೌಸ್ ಹಿಡಿದರೆ ಮೌಸಿಗೆ ಏನೂ ಆಗುವುದಿಲ್ಲ. ಮರೆತು ಕಣ್ಣು ಉಜ್ಜಿಕೊಂಡರೆ ಮಾತ್ರ ಆ ದಿನದ ಪಾಠ ಮುಗಿದಂತೆಯೇ. ಕುಂದಗೋಳದ ಕಂಪ್ಯೂಟರ್ ತರಗತಿಗೆ ಸೇರಿದ ಮೊದಲ ವಾರ ನಾನು ಹಾಗೆಯೇ ಕಣ್ಣೀರು ಸುರಿಸುತ್ತ ಕೂತಿದ್ದೆ. ಬಾಜು ಕೂತಿದ್ದ ಅಮೃತಾ, "ಯಾಕ ಬೇ ನೇತ್ರಾ, ಕಂಪ್ಯೂಟರ್ ನೋಡಿ ಅಳಾಕತ್ತಿ? ಇನ್ನಾ ಚಾಲೂನ ಮಾಡಿಲ್ಲ," ಎಂದಳು. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಅಳು ಮಾತ್ರ ನಿಲ್ಲಲಿಲ್ಲ.

ನಮ್ಮೂರು ಕುಬಿಹಾಳ. ಅವ್ವನ ಸೊಂಟ ಬಿದ್ದಾಗ ಒಂಬತ್ತನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟವಳು ನಾನು. ಅವ್ವ ಹೋದ ಮೇಲೂ ಮತ್ತೆ ಹೋಗಲಿಲ್ಲ. ಮುಂಜಾನೆ ಮೆಣಸಿನಕಾಯಿ ಕಣದಲ್ಲಿ ಕೂಲಿ, ಮಧ್ಯಾಹ್ನ ಬಸ್ಸು ಹಿಡಿದು ಕುಂದಗೋಳ. ಹೆಣ್ಣುಮಕ್ಕಳಿಗೆ ಪುಕ್ಕಟೆಯಾದಾಗಿನಿಂದ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದಿಲ್ಲ. ನಿಂತೇ ನಿದ್ದೆ ಮಾಡುವುದನ್ನು ನಾನು ಆ ಬಸ್ಸಿನಲ್ಲಿ ಕಲಿತೆ. ಕಣದಲ್ಲಿ ತುಂಬು ಬಿಡಿಸುವುದು, ತರಗತಿಯಲ್ಲಿ ಚಿತ್ರ ಬಿಡಿಸುವುದು. ಎರಡೂ ಬಿಡಿಸುವುದೇ. ಸಂಜೆಗೆ ಎರಡೂ ಕೈಯ ಬೆರಳು ಒಂದೇ ರೀತಿ ಸೆಡೆತಿರುತ್ತಿದ್ದವು.

ಅಣ್ಣ ಮೈಲಾರಿ ಬೇಡ ಎಂದಿರಲಿಲ್ಲ. ಅವನು ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಮಾತು ಕಡಿಮೆ, ಆಡಿದ ಮಾತು ತಿರುಗಿ ತೆಗೆದುಕೊಳ್ಳುವವನಲ್ಲ. "ಯುಗಾದಿತನಕಾ ನೋಡ್ತೀನಿ," ಎಂದಿದ್ದ. "ಕಲತದ್ದಕ್ಕ ಕೆಲಸ ಸಿಕ್ತು, ಚಲೋ ಆತು. ಸಿಗಲಿಲ್ಲ, ಬಮ್ಮಿಗಟ್ಟಿಯವರಿಗೆ ಹೂಂ ಅಂದು ಬಿಡೂಣು. ಅವರೂ ಎಷ್ಟಂತ ಕಾಯ್ತಾರ?" ಬಮ್ಮಿಗಟ್ಟಿಯ ಹುಡುಗನ ಫೋಟೋ ನಾನು ನೋಡಿದ್ದೆ. ಕೆಟ್ಟವನೇನೂ ಕಾಣುತ್ತಿರಲಿಲ್ಲ. ನನಗೆ ಬೇಡವಾಗಿತ್ತು, ಅಷ್ಟೇ. ಆದರೆ ಬೇಡ ಎನ್ನಲು ಕೈಯಲ್ಲಿ ಇನ್ನೊಂದು ಏನಾದರೂ ಇರಬೇಕು.

ಆ ಇನ್ನೊಂದು ಎಂದರೆ ತರಗತಿಯ ಕಿಟಕಿ ಬಳಿಯ ಕುರ್ಚಿ. ನಮಗೆ ಕಲಿಸುವ ಹೇಮಂತ ಸರ್ ಅಣ್ಣಿಗೇರಿಯವರು. ಸುತ್ತಲಿನ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸವನ್ನೂ ಅವರು ಹಿಡಿದಿದ್ದರು. ಅದಕ್ಕೆ ದಿನವೂ ಕೂತು ಕೆಲಸ ಮಾಡುವ ಒಬ್ಬರು ಬೇಕಾಗಿತ್ತು. ಉಳಿದವರೆಲ್ಲ ಕಾಲೇಜಿನವರು; ಅಮೃತಾಗೂ ಪರೀಕ್ಷೆ ಹತ್ತಿರ ಬಂದಿತ್ತು. "ನೇತ್ರಾ, ಒಂದ್ ಖರೇ ಕೆಲಸ ಕೊಡ್ತೀನಿ. ಅಂಗಡಿಯವರು ಒಪ್ಪಿದ್ರ ಆ ಕುರ್ಚಿ ನಿಂದು," ಎಂದಿದ್ದರು ಸರ್.

ವೆಬ್‌ಸೈಟ್ ಕಟ್ಟುವುದು ನನಗೆ ಅಷ್ಟು ಕಷ್ಟವೆನಿಸಲಿಲ್ಲ. ಇಂಗ್ಲಿಷ್ ಬಾರದಿದ್ದರೂ ಕೋಡಿನ ಪದಗಳ ಆಕಾರ ನೆನಪಿಟ್ಟುಕೊಂಡಿದ್ದೆ, ರಂಗೋಲಿಯ ಚುಕ್ಕೆ ನೆನಪಿಡುವ ಹಾಗೆ. ಕೋಡಿನಲ್ಲಿ ತೆರೆದ ಪ್ರತಿ ಗುರುತನ್ನು, ಅಂದರೆ ಟ್ಯಾಗನ್ನು, ಮುಚ್ಚಬೇಕು. ಒಂದು ಮರೆತರೆ ಪುಟವೆಲ್ಲ ಒಂದು ಕಡೆ ವಾಲುತ್ತದೆ. ಬಾಗಿಲು ಮುಚ್ಚುವುದನ್ನು ಮನೆಯಲ್ಲಿ ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ದಣಿಸುತ್ತಿದ್ದುದು ಅನಿಮೇಶನ್. ಒಂದು ಚೆಂಡು ನೆಲಕ್ಕೆ ಬಿದ್ದು ಏಳಬೇಕೆಂದರೆ ಅದೇ ಚೆಂಡನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಮತ್ತೆ ಮತ್ತೆ ಬಿಡಿಸಬೇಕು. ಮಧ್ಯಾಹ್ನವೆಲ್ಲ ಬಿಡಿಸಿದ್ದು ನೋಡುವಾಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ನಡುವೆ ಕರೆಂಟ್ ಹೋದರೆ ಅದೂ ಇಲ್ಲ.

ಸರ್ ಕೊಟ್ಟ ಕೆಲಸ ಸಿದ್ಧಾರೂಢ ಎಂಬವರ ಸೀರೆ ಅಂಗಡಿಯದು. ಪೇಟೆಯಲ್ಲಿ ಹೊಸ ಅಂಗಡಿ ತೆರೆಯುವವರಿದ್ದರು. ಅವರು ತರಗತಿಗೇ ಬಂದು ಹೇಳಿದ್ದು ಇಷ್ಟೇ: "ಹುಬ್ಬಳ್ಳಿ ಅಂಗಡಿಗೋಳ ಗತೆ ಥಳಥಳ ಬ್ಯಾಡ್ರಿ. ಮನಿಗೆ ಬಂದಂಗ ಅನಸ್ಬೇಕು. ಒಂದ್ ದೀಪಾ ಇರ್ಲಿ, ಸೀರಿ ಸೆರಗ ಇರ್ಲಿ. ಮುಂದ ನಿಮಗ ಬಿಟ್ಟದ್ದು."

ನಾನು ದೀಪ ಬಿಡಿಸಿದೆ. ಪುಟ ತೆರೆದಾಗ ಮೊದಲು ಕತ್ತಲು. ಹಸಿರು ಬಳೆಯ ಒಂದು ಕೈ ಬಂದು ಹಣತೆ ಹಚ್ಚುತ್ತದೆ. ಆ ಬೆಳಕಿನಲ್ಲಿ ಇಳಕಲ್ಲ ಸೀರೆಯ ಸೆರಗು ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲಿಗೆ ಅಂಗಡಿಯ ಹೆಸರು. ಅದನ್ನು ನೋಡಿದ ಸಂಜೆ ಸರ್ ಹುಬ್ಬಳ್ಳಿಯ ಬಸ್ಸಿನಲ್ಲಿದ್ದರು. ಗದ್ದಲದ ನಡುವೆಯೇ ಫೋನಿನಲ್ಲಿ ಮಾತು ಕಳಿಸಿದರು. "ನೇತ್ರಾ, ಎಲ್ಲಾ ಅಗದಿ ಚಲೋ ಐತಿ. ಸೆರಗ ಬಿಚ್ಚಿದ ಮ್ಯಾಲ ಕೊನಿಗೆ ದೀಪಾ ದೊಡ್ಡದು ಮಾಡು. ಅಷ್ಟ. ಶುಕ್ರವಾರ ಅವರಿಗೆ ತೋರಸೂಣು."

ನಾನು ಅದನ್ನು ಒಂದೇ ಸಲ ಕೇಳಿದೆ. ಮತ್ತೆ ಕೇಳುವ ಅಗತ್ಯ ಕಾಣಲಿಲ್ಲ.

ಯಾಕೆಂದರೆ ಆ ಮಾತು ನಮ್ಮ ಮನೆಯಲ್ಲಿ ದಿನವೂ ಆಡುವಂಥದ್ದು. ನನ್ನ ಆಯಿ, ಅಪ್ಪನ ತಾಯಿ ರೇವವ್ವ, 'ಆರಿಸು' ಎಂಬ ಶಬ್ದವನ್ನು ದೀಪದ ಹತ್ತಿರ ತರಗೊಡುವವಳಲ್ಲ. ಜೋಳ ತೀರಿದರೆ ಜೋಳ ಹೆಚ್ಚಾಗಿವೆ ಎನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಿದವು ಎನ್ನಬೇಕು. ಊಟವಾದ ಮೇಲೆ ದೇವರ ಮುಂದಿನ ದೀಪ ಆರಿಸಬೇಕಾದಾಗ, "ಯವ್ವಾ, ದೀಪಾ ದೊಡ್ಡದು ಮಾಡು," ಎನ್ನುತ್ತಾಳೆ. ಬಾಯಿಂದ ಊದುವಂತಿಲ್ಲ. ಹೂವಿನ ದೇಟಿನಿಂದ ಬತ್ತಿಯನ್ನು ಮೆಲ್ಲಗೆ ಎಣ್ಣೆಯೊಳಕ್ಕೆ ಎಳೆಯಬೇಕು. ಇದನ್ನೆಲ್ಲ ಕೇಳಿ ಕೇಳಿ ಮೈಲಾರಿ ಒಮ್ಮೆ, "ಹಂಗ ನೋಡಿದ್ರ ನಮ್ಮನಿಯಾಗ ಎಲ್ಲಾನೂ ಭಾಳ ಹೆಚ್ಚೈತಿ ಬಿಡಾಯಿ," ಎಂದಿದ್ದ. ಆಯಿ ಅವನ ತಲೆಗೆ ಮೊಟಕಿದ್ದಳು.

ಸರ್ ಹೇಳಿದ್ದು ಸರಿ ಎನಿಸಿತು. ಸೆರಗು ಬಿಚ್ಚಿಯಾಯಿತು, ಹೆಸರು ಬರಬೇಕು, ದೀಪ ನಡುವೆ ಉರಿಯುತ್ತ ನಿಂತರೆ ಅಕ್ಷರ ಕಾಣುವುದಾದರೂ ಹೇಗೆ? ದೀಪ ತನ್ನ ಕೆಲಸ ಮುಗಿಸಿ ಹೋಗಬೇಕು.

ಮುಂದಿನ ಸಂಜೆಗಳಲ್ಲಿ ನಾನು ಆಯಿಯ ದೀಪದ ಮುಂದೆ ಕೂತು ನೋಡಿದೆ. ಹಚ್ಚುವುದನ್ನು ಎಲ್ಲರೂ ನೋಡುತ್ತಾರೆ. ಆರುವುದನ್ನು ಅಷ್ಟಾಗಿ ನೋಡುವುದಿಲ್ಲ. ಬತ್ತಿ ಎಣ್ಣೆಗೆ ಜಾರುವಾಗ ಜ್ವಾಲೆ ಸುಮ್ಮನೆ ಕುಗ್ಗುವುದಿಲ್ಲ. ಮೊದಲು ಒಮ್ಮೆ ಮೇಲೇಳುತ್ತದೆ. ಹಚ್ಚಿದಾಗಿನಿಂದ ಇಲ್ಲದಷ್ಟು ಎತ್ತರಕ್ಕೆ, ಗೋಡೆಯ ಮೇಲಿನ ಪಟದವರೆಗೆ ಬೆಳಕು ಬೀರಿ, ಆಮೇಲೆ ಬುಡದಲ್ಲಿ ನೀಲಿಯಾಗಿ ಕೂರುತ್ತದೆ. ಬತ್ತಿಯ ತುದಿಯಲ್ಲಿ ಕೆಂಪು ಚುಕ್ಕೆ. ಕೊನೆಗೆ ಹೊಗೆಯ ಒಂದು ಎಳೆ. ಆಯಿಯ ಮಾತು ಅಷ್ಟೇನೂ ಸುಳ್ಳಲ್ಲ ಎಂದುಕೊಂಡೆ.

"ಏನ್ ನೋಡ್ತಿ ಅಷ್ಟೊತ್ತ?" ಎಂದಳು ಆಯಿ. ಅವಳ ಕಣ್ಣಿಗೆ ಪೊರೆ ಬಂದಿದೆ. ಆದರೂ ನಾನು ಕದಲದೆ ಕೂತರೆ ಅವಳಿಗೆ ಗೊತ್ತಾಗುತ್ತದೆ, ಅನುಮಾನ ಬರುತ್ತದೆ.

"ಕೆಲಸ ಐತಾಯಿ."

"ದೀಪಾ ನೋಡೂದು ಕೆಲಸಾ? ಅಂಥಾ ಕೆಲಸ ನನಗೂ ಕೊಡಸು. ಕುಂತಲ್ಲೇ ಮಾಡ್ತೀನಿ."

ಆ ಮೇಲೇಳುವ ಜ್ವಾಲೆ, ನೀಲಿ, ಕೆಂಪು ಚುಕ್ಕೆ, ಹೊಗೆ ಎಲ್ಲವನ್ನೂ ಚೌಕಟ್ಟು ಚೌಕಟ್ಟಾಗಿ ಬಿಡಿಸಿದೆ. ಕಣದಿಂದ ಬಂದ ಕೈ, ಬಸ್ಸಿನಲ್ಲಿ ನಿಂತ ಕಾಲು, ಕಣ್ಣಲ್ಲಿ ಮರಳು ತುಂಬಿದಂತೆ. ಆದರೂ ಆ ಹೊಗೆ ಬಿಡಿಸುವಾಗ ದಣಿವು ಮರೆತಿದ್ದೆ. ನಾನು ಅಲ್ಲಿಯವರೆಗೆ ಮಾಡಿದ್ದರಲ್ಲಿ ಅದೇ ಚೆನ್ನಾಗಿತ್ತು. ನನಗೆ ಅದು ಗೊತ್ತಿತ್ತು.

ಶುಕ್ರವಾರ ಸಿದ್ಧಾರೂಢ ಅವರು ಬಂದು ಕೂತರು. ಸರ್ ಅದೇ ತಾನೇ ಹುಬ್ಬಳ್ಳಿಯಿಂದ ಬಂದಿದ್ದರು. ಕೊನೆಯ ಭಾಗವನ್ನು ಅವರೂ ನೋಡಿರಲಿಲ್ಲ. ಪುಟ ತೆರೆದೆ. ಕೈ ಬಂತು, ದೀಪ ಹೊತ್ತಿತು. "ವಾ," ಎಂದರು ಸಿದ್ಧಾರೂಢ. ಸೆರಗು ಬಿಚ್ಚಿತು. "ಭಾರಿ ಮಾಡೀಯವಾ ತಂಗಿ." ದೀಪ ಒಮ್ಮೆ ಮೇಲೆದ್ದಿತು, ನೀಲಿಯಾಯಿತು, ಆರಿತು. ಹೊಗೆಯ ಎಳೆ ಅಂಗಡಿಯ ಹೆಸರಿನ ಮೇಲಿಂದ ಹಾದುಹೋಯಿತು.

ಸಿದ್ಧಾರೂಢ ಪರದೆಯ ಹತ್ತಿರಕ್ಕೆ ಬಾಗಿ ನೋಡಿದರು.

"ಏ ತಂಗಿ," ಎಂದರು. ಅವರ ದನಿ ಇಳಿದಿತ್ತು. "ಸೋಮವಾರ ನಾ ಅಂಗಡಿ ತೆಗ್ಯಾಕ ಹೊಂಟೀನಿ. ನೀ ದೀಪಾ ಆರಿಸಿ ಕುಂತಿ?"

"ನಾ ಏನ್ ಹೇಳಿದ್ದೆ ನಿನಗ?" ಸರ್ ಅವರ ಮುಖ ಕೆಂಪಾಗಿತ್ತು. "ದೊಡ್ಡದು ಮಾಡು ಅಂದಿದ್ದೆ. ಹೌದಿಲ್ಲೋ? ಎಲ್ಲಾ ಚಲೋ ಮಾಡಿ ಕೊನಿಗೆ ಹಿಂಗ ಮಾಡೂದಾ?"

ನಾನು ಜನರ ನಡುವೆ ಮಾತಾಡುವವಳಲ್ಲ. ಶಾಲೆಯಲ್ಲೂ ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಕಿಟಕಿ ಬಳಿಯ ಕುರ್ಚಿಯ ಮೇಲೆ ಯಾರದೋ ಊಟದ ಡಬ್ಬಿ ಇತ್ತು. ಅದನ್ನೇ ನೋಡುತ್ತ ನಿಂತೆ. ಬಮ್ಮಿಗಟ್ಟಿಯವರು ಬರುವ ದಿನ ಯಾವ ಸೀರೆ ಉಡಿಸಬಹುದು ಎಂದು ಯೋಚನೆ ಹೋಯಿತು. ಸಿದ್ಧಾರೂಢ ಅವರು ಚೀಲ ಎತ್ತಿಕೊಂಡು ಎದ್ದರು. ಅಮೃತಾ ಹಿಂದಿನಿಂದ ನನ್ನ ಸೊಂಟ ಚಿವುಟಿದಳು, ನೋವಾಗುವಂತೆಯೇ. "ಏನರ ಅನ್ನಲೇ," ಎಂದು ಪಿಸುಗುಟ್ಟಿದಳು.

"ದೊಡ್ಡದ ಮಾಡೀನ್ರಿ," ಎಂದೆ.

"ಏನು?"

"ದೊಡ್ಡದು ಮಾಡು ಅಂದ್ರ ನಮ್ಮನ್ಯಾಗ ಹಿಂಗ ಮಾಡೂದ್ರಿ. ಆರಸು ಅನಬಾರದಲ್ರೀ. ನಮ್ಮಾಯಿ ದಿನಾ ಅಂತಾಳ್ರಿ."

ಸಿದ್ಧಾರೂಢ ಅವರ ಕೈ ಚೀಲದ ಮೇಲೇ ನಿಂತಿತು. ಮೊದಲು ನಕ್ಕವರು ಸಿದ್ಧಾರೂಢ. ಹೊಟ್ಟೆ ಹಿಡಿದುಕೊಂಡು ಮತ್ತೆ ಕೂತರು. "ನಮ್ಮವ್ವಾನೂ ಹಂಗ ಅಂತಿದ್ಲಲೇ! ಅಕಿ ಹ್ವಾದ ಮ್ಯಾಲ ಆ ಮಾತ ಕೇಳೇ ಇರ್ಲಿಲ್ಲ." ಕಣ್ಣು ಒರೆಸಿಕೊಂಡು ಸರ್ ಕಡೆ ತಿರುಗಿದರು. "ಮಾಸ್ತರ್ರ, ನಾ ಮೊನ್ನೆ ನಿಮಗ ಏನಂದಿದ್ದೆ? ನಮ್ಮ ಅಂಗಡಿ ದೊಡ್ಡದು ಮಾಡ್ರಿ ಅಂದಿದ್ದೆ. ಈ ಹುಡುಗಿ ಕೈಯಾಗ ಕೊಟ್ರ ಅದನ್ನೂ ಕೀಲಿ ಹಾಕಿ ಬರ್ತಿದ್ಲಲ್ರೀ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವರು ಇನ್ನೂ ಒಪ್ಪಿರಲಿಲ್ಲ.

"ನಗೀ ಮಾತ ಬ್ಯಾರೆ," ಎಂದರು ಅವರು, ನಗು ನಿಲ್ಲಿಸಿ. "ಆರೂ ದೀಪಾ ನಮಗ ಬ್ಯಾಡ. ಈಗ ಖರೇ ಖರೇ ದೊಡ್ಡದು ಮಾಡು. ನಾ ಇಲ್ಲೇ ಕುಂತಿರ್ತೀನಿ."

ಹೊಸದಾಗಿ ಬಿಡಿಸಲು ಹೊತ್ತಿರಲಿಲ್ಲ. ನಾನು ಕೂತು, ಚೌಕಟ್ಟುಗಳನ್ನು ಹಿಂದಿನಿಂದ ಒಂದೊಂದಾಗಿ ಅಳಿಸತೊಡಗಿದೆ. ಹೊಗೆ ಹೋಯಿತು. ಕೆಂಪು ಚುಕ್ಕೆ ಹೋಯಿತು. ನೀಲಿ ಹೋಯಿತು. ಆರುವ ಮುಂಚೆ ಜ್ವಾಲೆ ಎಲ್ಲಕ್ಕಿಂತ ಎತ್ತರಕ್ಕೆ ಏಳುವ ಆ ಒಂದು ಗಳಿಗೆ ಉಳಿಯಿತು. ಅದನ್ನು ಅಲ್ಲೇ ನಿಲ್ಲಿಸಿ, ತುದಿ ಮಾತ್ರ ಅತ್ತಿತ್ತ ತೂಗುತ್ತಲೇ ಇರುವಂತೆ ಸುತ್ತು ಹಾಕಿದೆ. ಹೆಸರನ್ನು ಕೆಳಗೆ ಸರಿಸಿದೆ. ಚಹಾ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಹಾಂ!" ಎಂದರು ಸಿದ್ಧಾರೂಢ. "ಇದು ದೀಪಾ. ಎಷ್ಟ್ ಕಳೆ ಐತಿ ನೋಡ್ರಿ ಮಾಸ್ತರ್ರ. ಇದ ಇರ್ಲಿ." ಹೋಗುವಾಗ ನನ್ನ ಕಡೆ ನೋಡಿ, "ನಿಮ್ಮಾಯೀನ್ನ ಅಂಗಡಿಗೆ ಕರಕೊಂಡ ಬಾರವಾ. ಆದ್ರ ಅಲ್ಲಿ ದೊಡ್ಡದು ಮಾಡು ಅನಬ್ಯಾಡ ಅಂತ ಹೇಳು," ಎಂದರು.

ಸರ್ ಕಿಟಕಿ ಬಳಿಯ ಕುರ್ಚಿಯ ಮೇಲಿನ ಡಬ್ಬಿ ಎತ್ತಿ ಪಕ್ಕಕ್ಕಿಟ್ಟರು. "ಸೋಮವಾರದಿಂದ ಇಲ್ಲಿ ಕುಂದ್ರು. ಆದ್ರ ಒಂದ್ ಮಾತ. ತಿಳೀಲಿಲ್ಲಂದ್ರ ಬಾಯಿ ಬಿಟ್ಟು ಕೇಳಬೇಕು."

"ಹೌದ್ರಿ," ಎಂದೆ. ತಿಳಿಯದಿದ್ದರೆ ಕೇಳುತ್ತಿದ್ದೆನೇನೋ. ನನಗೆ ತಿಳಿದಿತ್ತು.

ಬಸ್ಸಿನಲ್ಲಿ ಆ ದಿನ ಜಾಗ ಸಿಕ್ಕಿತು. ಕೂತೆ. ಸಂತೋಷ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ನಿದ್ದೆ ಬಂತು. ಕುಬಿಹಾಳ ದಾಟಿ ಹೋಗುತ್ತಿದ್ದವಳನ್ನು ಕಂಡಕ್ಟರ್ ಕೂಗಿ ಎಬ್ಬಿಸಿದ.

ಮನೆಯಲ್ಲಿ ಮೈಲಾರಿ ಸುದ್ದಿ ಕೇಳಿ, ಟ್ರ್ಯಾಕ್ಟರಿನ ಎಣ್ಣೆ ಹತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ಆತು," ಎಂದ. "ಬಮ್ಮಿಗಟ್ಟಿಗೆ ನಾ ಹೇಳ್ತೀನಿ." ಅಷ್ಟೇ. ಅವನಿಂದ ಅದು ದೊಡ್ಡ ಮಾತು.

ಊಟಕ್ಕೆ ಮುಂಚೆ ಆಯಿಯ ಪಕ್ಕ ಕೂತು ಫೋನಿನಲ್ಲಿ ಪುಟ ತೆರೆದು ತೋರಿಸಿದೆ. ಅವಳು ಫೋನನ್ನು ಮೂಗಿನ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಜ್ವಾಲೆ ಎತ್ತರದಲ್ಲೇ ನಿಂತು ತೂಗುತ್ತಿತ್ತು. ಇಳಿಯಲಿಲ್ಲ, ಏರಲೂ ಇಲ್ಲ.

"ಚಂದ ಐತಿ," ಎಂದಳು. ಮತ್ತೆ ನೋಡಿದಳು. "ಯಾವಾಗಿಂದ ಉರ್ಯಾಕತ್ತೈತಿದು?"

"ಮಧ್ಯಾನದಿಂದ ಆಯಿ."

"ಎಣ್ಣಿ ಮುಗಿಯೂ ದೀಪಾ ಹಿಂಗ ಏಳತೈತಿ. ದಣದೈತವ್ವಾ ಅದು." ಫೋನನ್ನು ನನ್ನ ಉರಿಯುವ ಅಂಗೈಯಲ್ಲಿಟ್ಟಳು. "ಸಾಕು. ದೊಡ್ಡದು ಮಾಡು."

ಬದಿಯ ಗುಂಡಿ ಒತ್ತಿದೆ. ಪರದೆ ಕಪ್ಪಾಯಿತು. ಅಂಗಡಿಯ ಪುಟದಲ್ಲಿ ಅದು ಉರಿಯುತ್ತಲೇ ಇರುತ್ತದೆ ಎಂದು ಆಯಿಗೆ ನಾನು ಹೇಳಲಿಲ್ಲ.