ಮೂವತ್ತೊಂದನೇ ಖಾನೆ

"ಬಾಗೇ ಮುಂಡೆ, ಇನ್ನೂ ಬಾಗು! ಸತ್ತೋರಂದ್ರೆ ಸಸಾರಾನಾ ನಿಂಗೆ?"

ಮೇಸ್ತ್ರಿ ಹಿಂದಿನಿಂದ ನನ್ನ ಕತ್ತು ಹಿಡಿದು ಒತ್ತಿದ. ಹಣೆ ಹೋಗಿ ಖಾನೆಯ ಅಂಚಿಗೆ ಬಡಿಯಿತು. ಒಳಗೆ ಮಲಗಿದ್ದ ಹೆಂಗಸು ಸತ್ತು ಎಂಬತ್ತು ವರ್ಷವಾಗಿತ್ತು. ಅವಳ ಹುಬ್ಬಿನ ಮೇಲಿನ ಹಿಮವನ್ನು ಆಗಷ್ಟೇ ಕೆರೆದು ಮುಗಿಸಿದ್ದೆ. "ಇನ್ನೂ ತಲುಪಿಲ್ಲ ದೊಡ್ಡೋರೇ, ಮಲಗಿ" ಎಂದು ಒಪ್ಪಿಸಿ, ಖಾನೆ ಒಳಗೆ ತಳ್ಳಿ, ಪಕ್ಕದ್ದನ್ನು ಎಳೆದೆ.

ನಮ್ಮದು ನೀರಿನ ಮೇಲೆ ತೇಲುವ ಹಡಗಲ್ಲ. ಒಂದು ನಕ್ಷತ್ರ ಬಿಟ್ಟು ಇನ್ನೊಂದಕ್ಕೆ ಹೊರಟದ್ದು. ಹತ್ತಿದವರು ಯಾರೂ ಈಗಿಲ್ಲ, ಇಳಿಯುವವರು ಇನ್ನೂ ಹುಟ್ಟಿಲ್ಲ. ನಡುವೆ ನಾವು. ಮೇಲಂತಸ್ತಿನವರು ಸತ್ತರೆ ಹೊಸ ನೆಲ ಸಿಕ್ಕ ದಿನ ಅಲ್ಲೇ ಹೂಳಬೇಕಂತೆ. ಅಲ್ಲಿಯವರೆಗೆ ಶೀತದ ಕೋಣೆಯ ಖಾನೆಗಳಲ್ಲಿ ಕಾಯುತ್ತಾರೆ. ಇನ್ನೂರ ಹನ್ನೆರಡು ಖಾನೆ. ತಳದವರು ಸತ್ತರೆ ತೊಟ್ಟಿಗೆ ಹಾಕಿ ಕೊಳೆಸಿ, ಮೇಲಿನವರ ತರಕಾರಿ ಮಡಿಗೆ ಗೊಬ್ಬರ ಮಾಡುತ್ತಾರೆ. ನನ್ನ ಗಂಡ ಹೋದ ವರ್ಷ ಸೊಪ್ಪಿನ ಮಡಿಗೆ ಹೋದ. ಬದುಕಿದ್ದಾಗ ಮೆಟ್ಟಿಲು ತುಳಿಯಲು ಬಿಡದವರು, ಸತ್ತ ಮೇಲೆ ತಟ್ಟೆಗೇ ಬಡಿಸಿಕೊಂಡರು.

ಮೇಲಿನವರ ಹೆಣ ಸುಮ್ಮನೆ ಮಲಗುವುದಿಲ್ಲ ಎಂಬುದು ಎಲ್ಲರ ನಂಬಿಕೆ. ದಿನಾ ಬೆಳಿಗ್ಗೆ ಒಂದೊಂದನ್ನೂ ಎಳೆದು, ಹಿಮ ಕೆರೆದು, ಬಾಗಿ, ಇನ್ನೂ ತಲುಪಿಲ್ಲ ಎಂದು ಒಪ್ಪಿಸಬೇಕು. ಇಲ್ಲದಿದ್ದರೆ ಎದ್ದು, ನೆಲ ಹುಡುಕುತ್ತಾ ಹಡಗೆಲ್ಲ ಅಲೆಯುತ್ತವಂತೆ. ಅವ್ವ ಈ ಕೆಲಸ ಮಾಡಿದಳು, ಅವಳ ಅವ್ವನೂ ಮಾಡಿದಳು. ಮೂವತ್ತು ವರ್ಷದಿಂದ ನಾನು. ಶೀತದಕ್ಕ ಎಂದೇ ನನ್ನನ್ನು ಕರೆಯುತ್ತಾರೆ. ನಗಬೇಡಿ, ನಾನೂ ನಂಬಿದ್ದೆ. ಆ ಕೋಣೆಯಲ್ಲಿ ಮೂವತ್ತು ವರ್ಷ ಹೆಣಗಳ ನಡುವೆ ನಿಂತು ನೋಡಿ, ನೀವೂ ನಂಬುತ್ತೀರಿ.

ಅವತ್ತು ನನ್ನ ಮನಸ್ಸು ಕೆಲಸದಲ್ಲಿರಲಿಲ್ಲ. ಮಗಳು ಹೆತ್ತು ಒಂಬತ್ತು ದಿನವಾಗಿತ್ತು, ಕೂಸಿನ ತುಟಿ ನೀಲಿಗಟ್ಟುತ್ತಿತ್ತು. ತಳಕ್ಕೆ ಗಾಳಿ ಊದುವ ಫ್ಯಾನು ಕೆಲವು ತಿಂಗಳಿಂದ ಅರ್ಧ ಹೊತ್ತು ಮಾತ್ರ ತಿರುಗುತ್ತಿತ್ತು. ಎಂಜಿನ್ನು ಮುದಿಯಾಗಿದೆ, ಕರೆಂಟು ಸಾಲದು ಎಂದಿದ್ದರು. ಫ್ಯಾನು ನಿಂತಾಗ ನಾವೆಲ್ಲ ಕದಲದೆ, ಮಾತಾಡದೆ ಮಲಗಿ ಉಸಿರು ಉಳಿಸುತ್ತಿದ್ದೆವು. ಒಂಬತ್ತು ದಿನದ ಕೂಸಿಗೆ ಅದನ್ನು ಕಲಿಸುವವರು ಯಾರು?

ಕೆಲಸಕ್ಕೆ ಹೊರಟಾಗ ಮಗಳು ನನ್ನ ತೋಳು ಹಿಡಿದುಕೊಂಡಿದ್ದಳು.

"ಅವ್ವಾ, ಇದಕ್ಕೆ ಅಳೋಕೂ ಆಗ್ತಿಲ್ಲ. ಬಾಯಿ ತೆಗೆಯುತ್ತೆ, ದನೀನೇ ಬರಲ್ಲ."

"ಎತ್ಕೊಂಡು ಗಾಳಿ ಕಿಂಡಿ ಹತ್ರ ಕೂತ್ಕೋ. ಬೇಗ ಬಂದ್ಬಿಡ್ತೀನಿ."

"ಬೇಗ ಬಂದು ಏನ್ ಮಾಡ್ತೀಯ? ಬಾಯಲ್ಲಿ ಗಾಳಿ ತುಂಬ್ಕೊಂಡು ಬರ್ತೀಯಾ?"

ತೋಳು ಬಿಡಿಸಿಕೊಂಡು ಹೊರಟುಬಂದಿದ್ದೆ.

ಮೂವತ್ತೊಂದನೇ ಖಾನೆ ಎಳೆದೆ. ದೊಡ್ಡ ಮನೆತನದ ಮುದುಕ, ಬಿಗಿದ ತುಟಿ. ಹಿಮ ಕೆರೆದು ಬಾಗಿದೆ. ಇಡೀ ರಾತ್ರಿ ಕೂಸು ಮಂಪರಿಗೆ ಜಾರದಂತೆ, "ಏಳು ಕಂದಾ, ಗಾಳಿ ಬಂತು, ಏಳು" ಎಂದು ತಟ್ಟುತ್ತಾ ಕೂತಿದ್ದವಳು ನಾನು. ನಾಲಿಗೆ ಅದೇ ದಾರಿ ಹಿಡಿಯಿತು.

"ಬಂತು ದೊಡ್ಡೋರೇ, ಏಳಿ."

ಹೇಳಿದ ಮೇಲೆ ನನ್ನ ಕಿವಿಗೆ ಅದು ಕೇಳಿಸಿತು. ಖಾನೆಯನ್ನು ಒಳಗೆ ತಳ್ಳಿ, ಎರಡೂ ಕೈ ಅದರ ಮೇಲಿಟ್ಟು ನಿಂತೆ. ಒಳಗಿಂದ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್.

ಮೇಸ್ತ್ರಿಗೂ ಅದು ಕೇಳಿಸಿತ್ತು. ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಬಾಗಿಲಿಗೆ ಹೋಗಿ ಬೆನ್ನು ತಾಗಿಸಿದ.

"ಏನಂದ್ಯೇ ಬೇವರ್ಸಿ? ಏನಂದ್ಬಿಟ್ಟೆ?"

ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದರ ಮರಿಮಗ ಇಳಿದು ಬಂದ. ಮೂಗಿಗೆ ಕರವಸ್ತ್ರ ಹಿಡಿದಿದ್ದ, ಹೆಣದ ವಾಸನೆಗಲ್ಲ, ನನ್ನ ವಾಸನೆಗೆ. ನನ್ನ ಹತ್ತಿರ ಮಾತಾಡಲಿಲ್ಲ. ಎಲ್ಲವನ್ನೂ ಮೇಸ್ತ್ರಿಗೇ ಹೇಳಿದ.

"ಮುತ್ತಾತನ್ನ ಎಬ್ಬಿಸಿದ್ದಾಳೆ. ಎದ್ದ ಮೈ ಬೆಚ್ಚಗಾಗುತ್ತೆ. ಶೀತ ದುಪ್ಪಟ್ಟು ಮಾಡು."

"ಕರೆಂಟು ತಳದ ಫ್ಯಾನಿಂದಲೇ ತೆಗೀಬೇಕು ಧಣಿ."

"ತೆಗಿ."

ನಾನು ಅವನ ಕಾಲಿಗೆ ಬಿದ್ದೆ. "ಧಣೀ, ಒಂಬತ್ತು ದಿನದ ಕೂಸಿದೆ ಮನೇಲಿ. ನನ್ನ ಹೊಡೀರಿ, ಕೊಲ್ಲಿ. ಫ್ಯಾನು ಮಾತ್ರ ಬೇಡ."

ಆಗ ಒಂದು ಸಲ ನನ್ನ ಕಡೆ ನೋಡಿದ. "ಕೂಸು ಹೋದ್ರೆ ಇನ್ನೊಂದು ಹುಟ್ಟುತ್ತೆ. ಮುತ್ತಾತ ಮತ್ತೆ ಹುಟ್ತಾನಾ?" ಎಂದವನು ಮೇಸ್ತ್ರಿಯತ್ತ ತಿರುಗಿದ. "ತಪ್ಪು ಮಾಡಿದ್ದು ನಾಲಿಗೆ ತಾನೇ? ಪಾದದ ಹಿಮ ನಾಲಿಗೇಲೇ ತೆಗೀಲಿ."

ಮೇಸ್ತ್ರಿ ನನ್ನ ಮುಖವನ್ನು ಮುದುಕನ ಪಾದಕ್ಕೆ ಒತ್ತಿದ. ನಾಲಿಗೆ ಅಂಟಿಕೊಂಡಿತು. ಕೂದಲು ಹಿಡಿದು ಎಳೆದಾಗ ತೊಗಲು ಅಲ್ಲೇ ಉಳಿಯಿತು. ಧಣಿ ಮೆಟ್ಟಿಲು ಹತ್ತುತ್ತಾ, ರಕ್ತ ಒರೆಸಲು ಹೇಳಿದ. ಪಾದದ ಮೇಲಿನ ರಕ್ತ.

ಮನೆಗೆ ಬಂದಾಗ ಫ್ಯಾನು ನಿಂತಿತ್ತು. ಮೈದುನ ಕಿಂಡಿಯ ಕೆಳಗೆ ಕೂತಿದ್ದ. ಫ್ಯಾನು ರಿಪೇರಿ ಅವನ ಕೆಲಸ, ಇಪ್ಪತ್ತು ವರ್ಷದಿಂದ.

"ಎಂಜಿನ್ನು ನಿಜವಾಗ್ಲೂ ಮುದಿಯಾಗಿದೆಯೇನೋ?" ಎಂದೆ. ನಾಲಿಗೆ ಊದಿಕೊಂಡು ಮಾತು ಮುದ್ದೆಯಾಗಿ ಬಂತು.

"ಎಂಜಿನ್ನಿಗೇನು ಧಾಡಿ ಅತ್ತಿಗೆ? ಗುಂಡುಕಲ್ಲಿನ ಹಾಗಿದೆ. ಹೆಣ ಜಾಸ್ತಿ ಆದ್ವು, ಅಷ್ಟೇ. ಶೀತದ ಕೋಣೇಗೂ ನಮಗೂ ಒಂದೇ ತಂತಿ. ಆ ಕೋಣೆ ಕೊನೇಲಿ ಕಬ್ಬಿಣದ ಹ್ಯಾಂಡಲ್ ಇದೆಯಲ್ಲ? ಮೇಲಿದ್ರೆ ಕರೆಂಟು ಅವರಿಗೆ, ಕೆಳಗಿಳಿಸಿದ್ರೆ ನಮಗೆ."

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ ಇಷ್ಟು ದಿನ, ಬೋಳಿಮಗನೆ?"

"ಹೇಳಿದ್ರೆ ಏನ್ ಮಾಡ್ತಿದ್ದೆ? ಇಳಿಸ್ತಿದ್ಯಾ? ಇನ್ನೂರ ಹನ್ನೆರಡೂ ಎದ್ದು ಬಂದ್ರೆ ತಡಿಯೋರ್ಯಾರು?"

ಅವನು ಮಾತು ನಿಲ್ಲಿಸಿ ಗೋಡೆ ನೋಡಿದ. ಗೋಡೆಯೊಳಗಿನ ಕೊಳವೆಯಲ್ಲಿ ಟಕ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು ಸಲ, ಇನ್ನೂ ಹತ್ತಿರದಲ್ಲಿ. ಮಗಳು ಕೂಸನ್ನು ಅವುಚಿಕೊಂಡಳು.

"ಅವ್ವಾ, ಯಾರೋ ನಡೀತಿದ್ದಾರೆ."

"ಕೊಳವೆ ಸೆಟೀತಿದೆ, ಮಲಗು" ಎಂದೆ. ನನಗೇ ನಂಬಿಕೆಯಿರಲಿಲ್ಲ. ಆ ಮುದುಕ ನನ್ನನ್ನೇ ಹುಡುಕಿ ಬರುತ್ತಿದ್ದಾನೆ, ಎಲ್ಲಿ ನೆಲ, ಬಂತು ಅಂದ್ಯಲ್ಲ ಎಂದು ಕೇಳಲು. ಕಣ್ಣು ಮುಚ್ಚಿದರೆ ಅವನ ಬರಿ ಪಾದ ಕಾಣುತ್ತಿತ್ತು.

ಬೆಳಿಗ್ಗೆ ಕೂಸು ಬಾಯಿ ತೆರೆಯುವುದನ್ನೂ ನಿಲ್ಲಿಸಿತ್ತು. ಎದೆ ಮಾತ್ರ ಸಣ್ಣಗೆ ಏರಿಳಿಯುತ್ತಿತ್ತು. ಮಗಳು ನನ್ನ ಮುಖ ನೋಡಲಿಲ್ಲ.

ಶೀತದ ಕೋಣೆಯ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. ಒಳಗೆ ಬರುವ ಧೈರ್ಯ ಅವನಿಗಿರಲಿಲ್ಲ.

"ಹೋಗು. ತಪ್ಪಾಯ್ತು, ಇನ್ನೂ ತಲುಪಿಲ್ಲ ಅಂತ ನೂರು ಸಲ ಹೇಳು. ನಾನಿಲ್ಲೇ ನಿಂತು ಕೇಳಿಸ್ಕೊಳ್ತೀನಿ."

ಒಳಗೆ ಹೋಗಿ ಬಾಗಿಲಿನ ಅಗುಳಿ ಹಾಕಿದೆ. ಮೂವತ್ತೊಂದನ್ನು ಪೂರ್ತಿ ಹೊರಗೆಳೆದೆ. ರೆಪ್ಪೆಯ ಅಡಿಯಲ್ಲಿ ಬಿಳಿ ಗೆರೆ ಕಂಡಿತು. ನಿನ್ನೆ ಅದು ಇತ್ತೋ ಇಲ್ಲವೋ ನೆನಪಾಗಲಿಲ್ಲ.

"ಎದ್ದಿದ್ರೆ ಕೇಳಿಸ್ಕೋ ಮುದುಕಾ. ನೆಲ ಇಲ್ಲ. ಇನ್ನೂ ಐದು ತಲೆಮಾರು ನೆಲ ಇಲ್ಲ. ನೀವೆಲ್ಲ ಇಳಿದಾಗ ಗುಂಡಿ ತೋಡೋರು ಯಾರು? ನಿನ್ನ ಮರಿಮಗ ತೋಡ್ತಾನಾ? ತೋಡಬೇಕಾದ ಕೈ ಕೆಳಗೆ ಉಸಿರು ಕಟ್ಟಿ ಸಾಯ್ತಿದೆ. ಎದ್ದು ಅಲೀತೀಯಾ? ಅಲಿ. ಮೊದಲು ನಮ್ಮ ಮನೇಗೇ ಹೋಗಿ ನೋಡ್ಕೊಂಡು ಬಾ."

ಹ್ಯಾಂಡಲಿಗೆ ತುಕ್ಕು ಹಿಡಿದಿತ್ತು. ಎರಡೂ ಕೈಯಿಂದ ಜೋತುಬಿದ್ದೆ. ಕಿರ್ರೆಂದು ಇಳಿಯಿತು. ಮೂವತ್ತು ವರ್ಷದಿಂದ ಆ ಕೋಣೆಯಲ್ಲಿ ಕೇಳಿದ್ದ ಗುಂಯ್ ಎನ್ನುವ ಸದ್ದು ಒಮ್ಮೆಲೇ ನಿಂತುಹೋಯಿತು. ಕೈಬಿಟ್ಟರೆ ಹ್ಯಾಂಡಲು ಸ್ಪ್ರಿಂಗಿನ ಸೆಳೆತಕ್ಕೆ ತಾನಾಗಿ ಮೇಲೇರುತ್ತಿತ್ತು. ಅದಕ್ಕೇ ಅದರ ಮೇಲೆ ಕೂತೆ.

"ಏಯ್ ಸೂಳೆ, ಏನ್ ಮಾಡ್ದೆ? ಬಾಗ್ಲು ತೆಗಿ!" ಮೇಸ್ತ್ರಿ ಗುದ್ದಿದ. ಆಮೇಲೆ ದನಿ ಬದಲಾಯಿತು. "ಅಕ್ಕಾ, ನಿನ್ ಕಾಲು ಹಿಡೀತೀನಿ. ನಂಗೂ ಮಕ್ಕಳಿದ್ದಾರೆ ಕಣಕ್ಕಾ."

"ನಿನ್ ಮಕ್ಕಳೂ ತಳದಲ್ಲೇ ಮಲಗಿರೋದಲ್ವೇನೋ?" ಎಂದೆ. ಮತ್ತೆ ಅವನ ದನಿ ಕೇಳಲಿಲ್ಲ.

ಆಮೇಲೆ ಧಣಿಯ ದನಿ, ಬಹಳ ಕಾಲುಗಳ ಸದ್ದು, ಕಬ್ಬಿಣ ಕೊಯ್ಯುವ ಯಂತ್ರ ಎಳೆದು ತಂದ ಸದ್ದು.

ಈಗ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೆಳಗೆ ಫ್ಯಾನು ತಿರುಗುತ್ತಿದೆ, ಅದರ ಅದುರಾಟ ನನ್ನ ಅಂಗಾಲಿಗೆ ತಿಳಿಯುತ್ತಿದೆ. ಕೂಸು ಇದೆಯೋ ಇಲ್ಲವೋ, ತಿಳಿಯುವ ದಾರಿ ನನಗಿಲ್ಲ. ಇದ್ದರೆ ಸಾಕು. ಖಾನೆಗಳೆಲ್ಲ ಒಂದಾದ ಮೇಲೊಂದು ಟಕ್ ಟಕ್ ಎನ್ನುತ್ತಿವೆ. ಹಿಮ ಬಿರಿಯುತ್ತಿರಬಹುದು, ಅವರೇ ಇರಬಹುದು. ನೆಲದ ಮೇಲೆ ನೀರು ಹರಿದು ನನ್ನ ಪಾದಕ್ಕೆ ಬಂತು. ಮೂವತ್ತೊಂದರ ಕಣ್ಣು ತೆರೆದಂತಿದೆ, ನಾನು ಆ ಕಡೆ ನೋಡುತ್ತಿಲ್ಲ.

ಬಾಗಿಲಿನಲ್ಲಿ ಕೆಂಪಗೆ ಕಾದ ತೂತು ಬಿತ್ತು, ಆರಿತು. ತೂತಿನೊಳಗಿಂದ ಒಂದು ಕಣ್ಣು ಒಳಗೆ ಇಣುಕಿ, ನೋಡಿ, ಥಟ್ಟನೆ ಹಿಂದೆ ಸರಿಯಿತು. ಹೊರಗೆ ಜಗಳ ಹತ್ತಿದೆ, ಮೊದಲು ಯಾರು ಒಳಗೆ ಹೋಗಬೇಕು ಎಂದು. ನೀನು ಹೋಗು, ನೀನು ಹೋಗು ಎನ್ನುತ್ತಿದ್ದಾರೆ. ನಾನು ಭಾರದ ಹೆಂಗಸು. ಇಲ್ಲಿಂದ ಎತ್ತಬೇಕಾದರೆ ನಾಲ್ಕು ಜನವಾದರೂ ಬೇಕು.